ಗೋಡೆಯ ಮೇಲಿನ ಸವತಿ

ಬಾಗೂರಿನ ಚಿಕ್ಕಲಕ್ಷ್ಮಮ್ಮನ ಸವತಿಯನ್ನು ಗೋಡೆಯಿಂದ ಇಳಿಸಿ ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಸವತಿ ಎಂದರೆ ಗಾಜು, ಚೌಕಟ್ಟು ಹಾಕಿದ ಒಂದು ಪಟ, ಅಷ್ಟೇ. ಗಂಡ ರಂಗಸ್ವಾಮಿ ರೇಷ್ಮೆ ಇಲಾಖೆಯಲ್ಲಿದ್ದಾಗ ತರಬೇತಿಗೆಂದು ಜಪಾನಿಗೆ ಹೋದವನು ಬರುವಾಗ ತಂದು, ದಾರಿಯಲ್ಲೇ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದು. ತುರುಬಿಗೆ ಕಡ್ಡಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ತಲೆ ಬಗ್ಗಿಸಿ, ಯಾರನ್ನೋ ಕಂಡು ಒಳಗೊಳಗೇ ನಗುತ್ತಿದ್ದಾಳೆ. ಯಾರನ್ನು? ಇನ್ಯಾರನ್ನು, ರಂಗಸ್ವಾಮಿಯನ್ನೇ! ಚಿಕ್ಕಲಕ್ಷ್ಮಮ್ಮನಿಗೆ ಅಷ್ಟು ಸಾಕಾಯಿತು. ಅವನದೋ, ನಿಜ ಹೇಳಿದರೂ ತಮಾಷೆ ಅನ್ನಿಸುವಂಥ ಬಾಯಿ. ಅಂದಿನಿಂದ ಅವಳು ಮನೆಯ ಪಟಗಳಿಗೆಲ್ಲ ಧೂಳು ಹೊಡೆದಳು, ಇದೊಂದನ್ನು ಬಿಟ್ಟು. ಹೋದ ವರ್ಷ ಅವನು ತೀರಿಕೊಂಡ ಮೇಲಂತೂ, ಇವಳನ್ನು ಮನೆಯಿಂದ ಆಚೆ ಹಾಕು ಎಂದು ಮಗನ ತಲೆ ತಿಂದಿದ್ದೇ ತಿಂದಿದ್ದು.

ಮಗ ಸುದರ್ಶನ್ ಹಾಸನದಿಂದ ಸ್ಪಂದನಾಳನ್ನು ಕರೆಸಿದ್ದ. ಹಳೇ ಚಿತ್ರಗಳನ್ನು ರಿಪೇರಿ ಮಾಡುವ, ಅಸಲಿಯೋ ನಕಲಿಯೋ ನೋಡಿ ಬೆಲೆ ಹೇಳುವ ಹುಡುಗಿ. ಚೌಕಟ್ಟಿನ ಮೊಳೆ ಕಿತ್ತು, ಗಾಜು ತೆಗೆದು, ಭೂತಗನ್ನಡಿ ಹಿಡಿದು ಬಗ್ಗಿದವಳು ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

“ಪ್ರೆಸ್ಸಲ್ಲಿ ಒತ್ತಿದ್ದಾಗಿದ್ರೆ ಚುಕ್ಕಿ ಚುಕ್ಕಿ ಕಾಣ್ಬೇಕಿತ್ತು. ಒಂದೂ ಇಲ್ಲ,” ಎಂದಳು ಕೊನೆಗೆ. ದನಿ ತಾನಾಗಿಯೇ ಇಳಿದಿತ್ತು. “ಅಮ್ಮ, ಕಿವಿ ಹತ್ರ ಈ ಕೂದಲು ನೋಡಿ. ಒಂದೊಂದು ಎಳೆಯನ್ನೂ ಮರದ ಹಲಗೆ ಮೇಲೆ ಉಳಿಯಲ್ಲಿ ಬಿಡಿಸಿದ್ದಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಬಣ್ಣ ಹಚ್ಚಿ, ಕಾಗದ ಇಟ್ಟು, ಕೈಯಲ್ಲೇ ಉಜ್ಜಿ ತೆಗೆದಿರೋದು. ಅಸಲಿ ಇದು.”

ಚಿಕ್ಕಲಕ್ಷ್ಮಮ್ಮನಿಗೆ ಕೂದಲಿನ ಗೊಡವೆ ಬೇಕಿರಲಿಲ್ಲ. “ಅದೆಲ್ಲ ಇರ್ಲಿ ಕಣವ್ವ. ಇವಳ್ಯಾರು? ಅದ ಯೋಳು ಮೊದ್ಲು.”

“ಯಾರು ಅಂದ್ರೆ... ಇದನ್ನ ಮಾಡಿ ನೂರೈವತ್ತು ವರ್ಷದ ಮೇಲಾಗಿದೆ ಅಮ್ಮ. ನಿಮ್ಮಜ್ಜಿ ಹುಟ್ಟೋಕೂ ಮುಂಚಿನವಳು.”

ಚಿಕ್ಕಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸತ್ತು ಮಣ್ಣಾಗಿ ಯಾವ ಕಾಲವೋ ಆದವಳ ಮೇಲೆ ಹೊಟ್ಟೆ ಉರಿದುಕೊಂಡೆನಲ್ಲ ಶಿವನೇ! ನಾಚಿಕೆಯಾಯಿತು. ಹಾಗಂತ ಅಷ್ಟಕ್ಕೇ ಸೋಲೊಪ್ಪುವ ಹೆಂಗಸಲ್ಲ ಅವಳು. “ಆಗ್ಲಿ. ಅಷ್ಟು ದೂರ ಓಗಿ ಇವಳನ್ನೇ ಯಾಕೆ ಕಟ್ಕಂಡು ಬಂದ್ರು? ಅಲ್ಲಿ ಬ್ಯಾರೆ ಪಟ ಇರ್ನಿಲ್ವಾ?”

ಇದಕ್ಕೆ ಸ್ಪಂದನಾ ಪಟವನ್ನು ಮೇಲೆತ್ತಿ ಹಿಂಬದಿ ನೋಡಿದಳು. “ಅಯ್ಯೋ, ಮಡಚಿಬಿಟ್ಟಿದ್ದಾರೆ!” ದೇವರ ಪಟಕ್ಕೆಂದು ಮಾಡಿಟ್ಟಿದ್ದ ರೆಡಿ ಫ್ರೇಮಿಗೆ ಕೂರಲಿ ಎಂದು, ಚನ್ನರಾಯಪಟ್ಟಣದ ಯಾವನೋ ಫ್ರೇಮಿನವನು ಚಿತ್ರದ ಕೆಳಭಾಗವನ್ನೇ ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದ. ಸ್ಪಂದನಾ ಉಸಿರು ಬಿಗಿಹಿಡಿದು, ಹಸುಗೂಸಿನ ಮುಷ್ಟಿ ಬಿಡಿಸುವ ಹಾಗೆ ಬೆರಳ ತುದಿಯಿಂದ ಆ ಮಡಿಕೆಯನ್ನು ಬಿಡಿಸಿದಳು.

ಮೇಲಿನ ಭಾಗ ಬೆಳಕಿಗೆ ಮಾಸಿ ಚಹಾ ಬಣ್ಣಕ್ಕೆ ತಿರುಗಿತ್ತು. ಬೆಳಕನ್ನೇ ಕಾಣದ ಕೆಳಭಾಗ ನಿನ್ನೆ ಮಾಡಿದಂತಿತ್ತು. ಅಬ್ಬಾ, ಆ ಉಡುಪಿನ ನೇರಳೆ! ಆ ಹಸಿರು! ಹೆಂಗಸಿನ ಮುಂದೊಂದು ಬಿದಿರಿನ ತಟ್ಟೆ. ತಟ್ಟೆಯ ತುಂಬ ಬಿಳಿ ಬಿಳಿ ಹುಳ. ಅವುಗಳ ಮೇಲೆ ಸೊಪ್ಪು ಉದುರಿಸುತ್ತಿರುವ ಕೈ. ಇಷ್ಟು ವರ್ಷ ಅವಳು ನಗುತ್ತಿದ್ದದ್ದು ಹುಳ ನೋಡಿಕೊಂಡು.

“ರೇಷ್ಮೆ ಹುಳ ಕಣ್ಲಾ!” ಚಿಕ್ಕಲಕ್ಷ್ಮಮ್ಮ ಚಾಪೆಯ ಮೇಲೆ ಮಂಡಿಯೂರಿದಳು. “ನಾಕ್ನೇ ಜ್ವರ ಮುಗ್ಸಿ, ಪೊರೆ ಕಳ್ಚಿ ಎದ್ದವೆ. ಸೊಪ್ಪಿಗೆ ಎಂಗ್ ಬಾಯ್ಬುಡ್ತಾವೆ ನೋಡ್ಲಾ!” ಮದುವೆಯಾಗಿ ಬಂದಂದಿನಿಂದ ಅರ್ಧ ಆಯುಸ್ಸನ್ನು ಹುಳದ ಮನೆಯಲ್ಲೇ ಕಳೆದವಳು. ಅವಳಿಗೇ ತಿಳಿಯದಂತೆ ಅವಳ ಬಲಗೈ ಮೇಲೆದ್ದು, ಬೆರಳು ಸಡಿಲಿಸಿ, ಪಟದ ಮೇಲೆ ನಿಂತಿತ್ತು. ಸುದರ್ಶನ್ ಪಟದ ಕೈ ನೋಡಿದ, ಅವ್ವನ ಕೈ ನೋಡಿದ. ಎರಡೂ ಒಂದೇ ಹಾಗಿದ್ದವು.

“ಮಡಿಕೆ ಬೀಳದೇ ಇದ್ದಿದ್ರೆ ಲಕ್ಷ ದಾಟೋದು,” ಎಂದಳು ಸ್ಪಂದನಾ. “ಈಗ್ಲೂ ಅರವತ್ತು ಸಾವಿರಕ್ಕೆ ಮೋಸ ಇಲ್ಲ.”

“ಏನವ್ವ, ಕೊಟ್ಬುಡಾದಾ?” ಸುದರ್ಶನ್ ಮೆಲ್ಲಗೆ ಕೇಳಿದ.

ಚಿಕ್ಕಲಕ್ಷ್ಮಮ್ಮನ ಕಣ್ಣು ಆ ತಟ್ಟೆಯಿಂದ ಏಳಲಿಲ್ಲ. “ಇವಳ್ಯಾರು ಅಂತ ಕೇಳ್ದಾಗ್ಲೆಲ್ಲ ನಿಮ್ಮಪ್ಪ ಒಂದೇ ಮಾತು ಅಂತಿದ್ರು ಕಣ್ಲಾ, ‘ನೀನೇ ಕಣೇ’ ಅಂತ. ನಾನು ಒಂದು ದಿನಾನೂ ನಗ್ಲಿಲ್ಲ.”