ಎರಡು ಶ್ರಾವಣ

ವಂಶಪಟ್ಟಿಯಲ್ಲಿ ಉಳಿಯಲು ತಗಲುವ ಖರ್ಚು ಎರಡೇ ತಿಥಿ: ತಾನು ಹುಟ್ಟಿದ್ದು, ತಾಯಿ ಸತ್ತದ್ದು. ಪಟ್ಟಿ ಕಾಯುವ ಯಂತ್ರದ ಲೆಕ್ಕಕ್ಕೆ ತಿಥಿ ತಾಳೆಯಾಗದಿದ್ದರೆ ಹೆಸರು ಅಳಿಯುತ್ತದೆ, ಜೊತೆಗೆ ಮಕ್ಕಳು ಮೊಮ್ಮಕ್ಕಳದೂ. ಆಮೇಲೆ ಅವರಿಗೆ ಯಾವ ಊರಿನ ಬಾಗಿಲೂ ತೆರೆಯದು.

"ನಿಮ್ಮವ್ವ ಶ್ರಾವಣ ಶುದ್ಧ ಪಂಚಮಿಗೆ ಸತ್ತಾರ. ನೀವು ಹದಿನಾಲ್ಕು ದಿನದ ಮ್ಯಾಲ, ಬಹುಳ ಚೌತಿಗೆ ಹುಟ್ಟೀರಿ. ಸತ್ತಾಕಿ ಹೆಂಗ ಹಡೀತಾಳಬೇ?" ಗುಮಾಸ್ತ ನಕ್ಕ.

ಗುರುಬಸವ್ವ ಮೇಜಿನತ್ತ ಬಾಗಿದಳು. "ಆ ವರ್ಷ ಎರಡು ಶ್ರಾವಣ ಬಂದಿದ್ವೋ ಯಪ್ಪಾ. ನಾ ಮೊದಲಿನ ಅಧಿಕದಾಗ ಹುಟ್ಟಿದೆ, ಅವ್ವ ಮುಂದಿನ ನಿಜದಾಗ ಹೋದ್ಲು."

"ಯಂತ್ರಕ್ಕ ಗೊತ್ತಿರೋದು ಒಂದೇ ಶ್ರಾವಣ. ಸಂಜೀಗೆ ಅಳಿಸಿಬಿಡ್ತೈತಿ. ತಾಯಿ ಅಂತ ಬ್ಯಾರೆ ಹೆಸರು ಹೇಳ್ರಿ."

ಗುರುಬಸವ್ವ ಬಾಗಿಲಲ್ಲಿ ಕಾಯುತ್ತಿದ್ದ ಬಸುರಿ ಮೊಮ್ಮಗಳನ್ನು ನೋಡಿದಳು. ಮಲತಾಯಿಯ ಹೆಸರು ಹೇಳಿದಳು.

ಹದಿನೇಳು ಹೆಸರು ಉಳಿದವು. ಹಡೆದವ್ವನದು ಹೋಯಿತು.