ಬೋಗುಣಿ ತುಂಬ ಕತ್ತಲು

ಬಿದ್ದ ಬೆಳಕು ಬಿದ್ದಲ್ಲೇ ಉಳಿಯುವ ಕಾಲ. ಗೋದಾವರಿಬಾಯಿ ಬೆಳಗ್ಗೆ ಅಂಗಳ ಗುಡಿಸಿದರೆ ಬೋಗುಣಿ ತುಂಬ ಪಕ್ಕದ ಮನೆಯ ಬೆಳಕೇ. ರಾತ್ರಿಯೇ ಆಗಿಲ್ಲವೆಂದುಕೊಂಡು ಅವರ ಬ್ರಹ್ಮಕಮಲದ ಮೊಗ್ಗು ವಾರದಿಂದ ಮುನಿಸಿಕೊಂಡು ಕೂತಿತ್ತು.

"ತಗೋರಿ, ನಿಮ್ಮ ಗೇಟಿನ ಲೈಟು ಮತ್ತ ನಮ್ಮ ಅಂಗಳಕ್ಕ ಬಿದ್ದದ," ಎಂದು ಪಕ್ಕದ ಮನೆಯ ಚನ್ನವೀರಪ್ಪನವರಿಗೆ ಬೋಗುಣಿ ಕೊಟ್ಟು ಬಂದರು.

ಬರಿ ಪಾತ್ರೆ ಹಿಂದಿರುಗಿಸಬಾರದಲ್ಲ! ಚನ್ನವೀರಪ್ಪನವರು ಅಟ್ಟದ ಮೂಲೆಯ ಕತ್ತಲನ್ನೇ ಬಳಿದು ತುಂಬಿ ತಂದರು. "ಮನ್ಯಾಗ ಉಳಿದದ್ದು ಇಷ್ಟ ನೋಡ್ರಿ."

ಗೋದಾವರಿಬಾಯಿ ಅದನ್ನು ಗಿಡದ ಮೇಲೆ ಸುರಿದರು. ಹಾಡುಹಗಲೇ ಮೊಗ್ಗು ಅರಳಿತು!

ಪೆಚ್ಚಾಗಿ ನಿಂತ ಚನ್ನವೀರಪ್ಪನವರ ಕೈಗೆ ಅವರು ಬೋಗುಣಿಯನ್ನು ಮರಳಿ ಇಟ್ಟರು. ತಳದಲ್ಲಿ ಒಂದು ಚಮಚ ಕತ್ತಲಿತ್ತು.

"ಹೆಪ್ಪಿಗೆ ಇಟ್ಕೋರಿ. ಲೈಟಿಗೊಂದು ಟೊಪ್ಪಿಗಿ ಹಾಕ್ರಿ. ಗಟ್ಟಿ ಮೊಸರಿನಂಥಾ ರಾತ್ರಿ ಆಗ್ತದ."