ದಿಂಬು ಯಾವ ವಲಯದ್ದು?

ಹಾಲ್ವರ್ಸನ್ ನೀಲಿ ಟೇಪನ್ನು ಪರ್ರನೆ ಎಳೆದು ಮಲಗುವ ಕೋಣೆಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಅಂಟಿಸುತ್ತ ಬಂದ. ನಡುವೆ ಮಂಚ ಬಂತು. ಅವನು ನಿಲ್ಲಿಸಲಿಲ್ಲ, ಹೊದಿಕೆಯ ಮೇಲೂ ಅಂಟಿಸಿಕೊಂಡೇ ಮುಂದೆ ಹೋದ. ಒಂಬತ್ತು ವರ್ಷದ ಇಂಗ್ರಿಡ್‌ಳ ಮಂಚ ಎರಡು ಪಾಲಾಯಿತು.

"ಈ ಕಡೆ ನಮ್ಮ ಪೂರ್ವ ವಲಯ, ಆ ಕಡೆ ಪಶ್ಚಿಮದವ್ರದು. ಮಗು ಎಲ್ಲಿ ಮಲಗುತ್ತೋ ಅಲ್ಲಿನ ಶಾಲೆ. ನಿಯಮ ಅಷ್ಟೇ ಮೇಡಂ," ಎಂದ. ಹೊರಗಿನ ಮಕ್ಕಳು ತಮ್ಮ ಶಾಲೆಗೆ ನುಸುಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಆ ಕೆಲಸವನ್ನು ಅವನು ಇಪ್ಪತ್ತು ವರ್ಷದಿಂದ ಬಲು ಶ್ರದ್ಧೆಯಿಂದ ಮಾಡುತ್ತಿದ್ದ.

ಇಂಗ್ರಿಡ್‌ಳ ತಾಯಿ ಲೊರೆಟಾ ಹೊದಿಕೆಯ ಮೇಲಿನ ಟೇಪನ್ನು ಬಗ್ಗಿ ನೋಡಿದಳು. ಅಮೆರಿಕದ ಮಿನ್ನೆಸೋಟ ರಾಜ್ಯದ ಈ ಊರಿಗೆ ವರ್ಗವಾದಾಗ ಅವಳು ಸುತ್ತಲಿನ ಹನ್ನೊಂದು ಶಾಲಾ ವಲಯಗಳಿಗೆ ಫೋನ್ ಮಾಡಿದ್ದಳು. ಮಗಳಿಗೆ ಆಟಿಸಂ ಇದೆ ಎಂದ ಕೂಡಲೇ ಹತ್ತು ಕಡೆ ಮಾತಿನ ಧಾಟಿಯೇ ಬದಲಾಗಿತ್ತು. ನಮ್ಮಲ್ಲಿ ಎಲ್ಲ ಮಕ್ಕಳೂ ಒಂದೇ, ಗದ್ದಲ ರೂಢಿಯಾಗುತ್ತೆ ಬಿಡಿ ಎಂದಿದ್ದರು ಪಶ್ಚಿಮದವರು. ಜೊತೆಗೊಬ್ಬ ಶಿಕ್ಷಕಿ, ಸದ್ದಿಲ್ಲದ ಒಂದು ಕೋಣೆ ಇದ್ದದ್ದು ಪೂರ್ವದಲ್ಲಿ ಮಾತ್ರ. ಮನೆ ತೋರಿಸಿದ ದಳ್ಳಾಳಿ ಅಡುಗೆಮನೆಯಲ್ಲಿ ನಿಂತು ಇದು ಪೂರ್ವ ವಲಯವೇ ಎಂದು ಆಣೆ ಮಾಡಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಅಡುಗೆಮನೆ ಪೂರ್ವದಲ್ಲೇ ಇತ್ತು.

ಮಲಗುವುದೆಂದರೆ ತಲೆಯೋ ಕಾಲೋ ಎಂದು ಲೊರೆಟಾ ಕೇಳಿದಳು. ಹಾಲ್ವರ್ಸನ್‌ಗೂ ಅದು ನ್ಯಾಯವಾದ ಪ್ರಶ್ನೆ ಎನಿಸಿ ಕಚೇರಿಗೆ ಫೋನ್ ಮಾಡಿದ. ಅಲ್ಲಿ ಮೂವರು ಕೂತು ಚರ್ಚಿಸಿ, ದಿಂಬು ಇರುವ ಕಡೆ ಎಂದು ತೀರ್ಮಾನ ಕೊಟ್ಟರು. ದಿಂಬು ಪಶ್ಚಿಮದಲ್ಲಿತ್ತು. ದಿಂಬನ್ನು ಈ ಕಡೆಗೆ ಹಾಕಿದರಾಯಿತಲ್ಲ ಎಂದು ಅವನೇ ದೊಡ್ಡ ಮನಸ್ಸು ಮಾಡಿ ಸೂಚಿಸಿದ. ಈ ಹೊಸ ಮನೆಯಲ್ಲಿ ದಿಂಬಿನ ಜಾಗ ಒಗ್ಗುವುದಕ್ಕೇ ಹದಿನೇಳು ದಿನ ಹಿಡಿದಿದೆ, ಅಷ್ಟು ದಿನವೂ ಮಗು ನಿದ್ದೆ ಮಾಡಿಲ್ಲ ಎಂದಳು ಲೊರೆಟಾ.

ಟೇಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ ಇಂಗ್ರಿಡ್ ಈಗ ಕೈ ಇಳಿಸಿ, ಹಾಲ್ವರ್ಸನ್‌ನ ಮುಖ ನೋಡದೆ ಅವನ ಕೈಯಲ್ಲಿದ್ದ ನಕ್ಷೆಯನ್ನು ನೋಡಿ ಕೇಳಿದಳು:

"ಎಲ್ಲಿಂದ ಅಳೆದ್ರಿ?"

"ಮೂಲೆ ಕಂಬದಿಂದ ಪುಟ್ಟಾ."

"ಅದು ಬೇಲಿ ಕಂಬ. ನಕ್ಷೇಲಿರೋದು ಕಬ್ಬಿಣದ ಗೂಟ. ಅದು ಹುಲ್ಲಿನೊಳಗಿದೆ. ನಾಲ್ಕಡಿ ಪಶ್ಚಿಮಕ್ಕೆ."

ಹಾಲ್ವರ್ಸನ್ ನಗುತ್ತ ಅಂಗಳಕ್ಕೆ ಹೋದವನು ನಗು ನಿಲ್ಲಿಸಿ ಬಂದ. ಅವನ ಬೂಟಿಗೆ ಮಣ್ಣು ಮೆತ್ತಿತ್ತು. ಗೂಟ ಅವಳು ಹೇಳಿದಲ್ಲೇ ಇತ್ತು. ಅವನು ಹಳೆಯ ಟೇಪನ್ನೆಲ್ಲ ಪರಪರ ಕಿತ್ತು, ಹೊಸದನ್ನು ಪರ್ರನೆ ಎಳೆದು ನಾಲ್ಕಡಿ ಆಚೆ ಅಂಟಿಸಿದ. ಈಗ ಮಂಚ, ದಿಂಬು ಎಲ್ಲ ಪೂರ್ವಕ್ಕೆ ಸೇರಿದವು. ಲೊರೆಟಾಗೆ ಹೋದ ಜೀವ ಬಂದಂತಾಯಿತು. ಅವಳು ಹಾಗೇ ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

ಶಾಲೆಗೆ ಸೇರುವ ಅರ್ಜಿಯಲ್ಲಿ ವಿಳಾಸದ ಮುಂದೆ 'ಸರಿಯಿದೆ' ಎಂದು ಬರೆದ ಹಾಲ್ವರ್ಸನ್ ಕೆಳಗಿನ ಸಾಲಿಗೆ ಬಂದ. ವಿಶೇಷ ನೆರವು ಬೇಕೇ ಎಂದು ಅಲ್ಲಿ ಕೇಳಿತ್ತು. 'ಅಗತ್ಯವಿಲ್ಲ' ಎಂದು ಬರೆದ.

"ಇದೇನ್ರೀ ಬರೀತಿದೀರಾ?" ಎಂದಳು ಲೊರೆಟಾ.

"ಅಲ್ಲ ಮೇಡಂ, ನನ್ನ ತಪ್ಪನ್ನೇ ತಿದ್ದಿದ ಮಗು. ಇಷ್ಟು ಚುರುಕಾಗಿರೋಳಿಗೆ ನೆರವು ಯಾಕೆ?"

"ಮಂಚದ ಕೆಳಗೆ ನೋಡಿ."

ಅವನು ಮೊಣಕಾಲೂರಿ ಬಗ್ಗಿದ. ಟೇಪು ಕೀಳುವ ಸದ್ದು ಶುರುವಾದಾಗಲೇ ಇಂಗ್ರಿಡ್ ಅಲ್ಲಿ ಸೇರಿಕೊಂಡಿದ್ದಳು. ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಹಣೆಯನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಹಾಲ್ವರ್ಸನ್ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಪೆನ್ನು ತೆಗೆದು, 'ಅಗತ್ಯವಿಲ್ಲ' ಎಂಬುದನ್ನು ಹಾಗೇ ಬಿಟ್ಟು, ಅದರ ಕೆಳಗೆ ಒಂದು ಸಾಲು ಸೇರಿಸಿದ:

'ಮಗು ಮಂಚದ ಕೆಳಗಿರುವಾಗಲೂ ಪೂರ್ವ ವಲಯದಲ್ಲೇ ಇರುತ್ತದೆ. ಖುದ್ದಾಗಿ ಪರಿಶೀಲಿಸಿದ್ದೇನೆ.'